ಅಣು ವಿದ್ಯುತ್ ಅಗ್ಗಾನಾ, ದುಬಾರಿನಾ? ತಿಂಗಳು ತಿಂಗಳು ಬರೋ ಪ್ರಶ್ನೆಗೆ ಈ ಸಲ ಪೂರ್ತಿ ಉತ್ತರ

ಈ ತಿಂಗಳೂ ಅವೇ ಪ್ರಶ್ನೆಗಳು. ಫಿಶನ್ ಅಂದ್ರೇನು, ಟರ್ಬೈನ್ ಹೇಗೆ ತಿರುಗುತ್ತೆ ಅನ್ನೋದನ್ನ ಇಲ್ಲಿ ಬರೆಯಲ್ಲ, ಪಿಯುಸಿ ಪುಸ್ತಕದಲ್ಲಿದೆ, ತೆಗೆದು ನೋಡಿ.

ಪ್ರಶ್ನೆ: ಕೈಗಾ ರಿಯಾಕ್ಟರ್ ಅಣುಬಾಂಬ್ ಥರ ಸಿಡಿಯಬಹುದಾ?

ಇಲ್ಲ. ಅಲ್ಲಿ ಹಾಕೋದು ನ್ಯಾಚುರಲ್ ಯುರೇನಿಯಂ, ಅದ್ರಲ್ಲಿ ಯುರೇನಿಯಂ-235 ಇರೋದೇ 0.7 ಪರ್ಸೆಂಟ್, ಬಾಂಬಿಗೆ 90ರ ಹತ್ರ ಬೇಕು. ಹೆದರಬೇಕಾದ್ದು ಬೇರೆ ವಿಷಯಕ್ಕೆ, ರಿಯಾಕ್ಟರ್ ಆಫ್ ಮಾಡಿದ ಮೇಲೂ ಒಳಗೆ ಹುಟ್ತಾನೇ ಇರೋ ಬಿಸಿಗೆ. ಫುಕುಶಿಮಾದಲ್ಲಿ ಅನಾಹುತ ಮಾಡಿದ್ದು ಅದೇ.

ಪ್ರಶ್ನೆ: ಅಣು ವಿದ್ಯುತ್ತಿನಷ್ಟು ಅಗ್ಗ ಯಾವ್ದೂ ಇಲ್ಲ ಅಂತಾರೆ ನಮ್ಮ ಮಾವ. ನಾನು ಓದಿದ ಕಡೆಯೆಲ್ಲ ಅತಿ ದುಬಾರಿ ಅಂತಿದೆ. ಯಾರು ಸರಿ?

ಇಬ್ರೂ ಸರಿ. ನಿಮ್ಮ ಮಾವ ಹೇಳ್ತಿರೋದು ಕಟ್ಟಿ, ಸಾಲ ತೀರಿಸಿ ಕೂತಿರೋ ಸ್ಥಾವರದ ಬಗ್ಗೆ, ನೀವು ಓದಿದ್ದು ಈಗ ಕಟ್ತಿರೋದ್ರ ಬಗ್ಗೆ. ಕೈಗಾದ 1ನೇ ಘಟಕ 2000ದಲ್ಲಿ ಶುರುವಾಗಿದ್ದು, 2016ರ ಮೇ ತಿಂಗಳಿಂದ 2018ರ ಡಿಸೆಂಬರ್ 31ರವರೆಗೆ 962 ದಿನ ಒಂದೇ ಸಮನೆ ಓಡ್ತು, ಆಗ ಅದು ವಿಶ್ವದಾಖಲೆ. ಹಾಗೆ ಓಡೋ ಯಂತ್ರಕ್ಕೆ ಇಂಧನದ ಖರ್ಚು ತೀರಾ ಕಮ್ಮಿ, ಆದ್ರಿಂದ ಯುನಿಟ್ಟಿಗೆ ಬೀಳೋ ರೇಟೂ ಕಮ್ಮಿ.

ಹೊಸದು ಕಟ್ಟೋಕೆ ಹೊರಟಾಗ ಕೊಲ್ಲೋದು ಬಡ್ಡಿ ರೀ, ಇದೊಂದು ಅರ್ಥ ಮಾಡ್ಕೊಳ್ಳಿ. 20,000 ಕೋಟಿ ಸಾಲ, ವರ್ಷಕ್ಕೆ 9 ಪರ್ಸೆಂಟ್ ಬಡ್ಡಿ ಅಂತಿಟ್ಕೊಳ್ಳಿ, ದಿನಕ್ಕೆ ಸುಮಾರು 5 ಕೋಟಿ ಆಯ್ತು, ಒಂದು ಯುನಿಟ್ ಕರೆಂಟೂ ಮಾರದೆ. ಫಿನ್ಲೆಂಡಿನ ಓಲ್ಕಿಲುವೊಟೊ 3ನೇ ಘಟಕ 2005ರಲ್ಲಿ ಶುರು ಮಾಡಿದ್ರು, 2009ಕ್ಕೆ ಮುಗೀಬೇಕಿತ್ತು, ಪೂರ್ತಿ ಉತ್ಪಾದನೆಗೆ ಬಂದಿದ್ದು 2023ಕ್ಕೆ. ಅಮೆರಿಕದ ಜಾರ್ಜಿಯಾದಲ್ಲಿ ವೋಗಲ್ 3 ಮತ್ತು 4 ಸೇರಿ 1,400 ಕೋಟಿ ಡಾಲರ್ ಅಂದಿದ್ದು 3,000 ಕೋಟಿ ಡಾಲರ್ ದಾಟ್ತು, ಪಕ್ಕದ ಸೌತ್ ಕ್ಯಾರೊಲಿನಾದಲ್ಲಂತೂ 2017ರಲ್ಲಿ ಎರಡು ರಿಯಾಕ್ಟರನ್ನ ಅರ್ಧಕ್ಕೇ ಕೈಬಿಟ್ರು.

ಯಾಕಿಷ್ಟು ತಡ? ನಾನು 23 ವರ್ಷ ವೆಲ್ಡ್ ಇನ್ಸ್‌ಪೆಕ್ಷನ್ ಮಾಡಿದವನು, ಕಣ್ಣಲ್ಲಿ ಕಂಡಿದ್ದು ಹೇಳ್ತೀನಿ. ನಮ್ಮ 220 ಮೆಗಾವ್ಯಾಟ್ ರಿಯಾಕ್ಟರಲ್ಲಿ 306 ಚಾನೆಲ್, ಅಂದ್ರೆ ಇಂಧನ ಇಡೋ ಕೊಳವೆ, ಪ್ರತಿಯೊಂದರ ಎರಡೂ ತುದಿಗೆ ನೀರು ಸಾಗಿಸೋ ಒಂದೊಂದು ಫೀಡರ್ ಪೈಪು, ಒಟ್ಟು 612, ಒಂದೊಂದರಲ್ಲೂ ವೆಲ್ಡುಗಳು. ವೆಲ್ಡ್ ಆದ್ಮೇಲೆ ರೇಡಿಯೋಗ್ರಫಿ, ಅಂದ್ರೆ ವೆಲ್ಡಿನ ಎಕ್ಸ್‌ರೇ ಥರ, ಅದನ್ನ ರಾತ್ರಿ ಜಾಗ ಖಾಲಿ ಮಾಡಿಸಿ ತೆಗೀಬೇಕು, ಬೆಳಗ್ಗೆ ಫಿಲ್ಮನ್ನ ಲೈಟ್ ಬಾಕ್ಸ್ ಮೇಲಿಟ್ಟು ನೋಡಿದ್ರೆ ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕೆಗಳು ಸಾಲಾಗಿ ಕಾಣ್ತಾವೆ, ಗಾಳಿಗುಳ್ಳೆ, ರಿಜೆಕ್ಟ್, ಗ್ರೈಂಡ್ ಮಾಡಿ ಮತ್ತೆ ಹಾಕು, ಮತ್ತೆ ರಾತ್ರಿಗೆ ಕಾಯಿ. ಒಂದು ಸೈಟಲ್ಲಿ ಕೆಲಸ ಮುಗಿದು ಮುಂದಿನ ಆರ್ಡರ್ ಬರೋದ್ರೊಳಗೆ ಪಳಗಿದ ವೆಲ್ಡರುಗಳೆಲ್ಲ ಗಲ್ಫ್ ಸೇರ್ಕೊಂಡ್ರು, ಹೊಸ ಹುಡುಗರು ಬಂದ ಮೊದಲ ತಿಂಗಳು ನನ್ನ ಟೇಬಲ್ ಮೇಲೆ ರಿಜೆಕ್ಟ್ ಫಿಲ್ಮಿನ ರಾಶಿ. ಅವರ ತಪ್ಪಲ್ಲ, ಆ ಕೈ ಬರೋಕೆ ವರ್ಷಗಟ್ಟಲೆ ಬೇಕು, ಮತ್ತೆ ಅದು ಡ್ರಾಯಿಂಗ್ ನೋಡಿ ಬರೋ ವಿದ್ಯೆ ಅಲ್ಲ.

ಅಬುಧಾಬಿಯ ಬರಾಕಾ ಅಣು ಸ್ಥಾವರ ನೋಡಿ, 2012ರಲ್ಲಿ ಮೊದಲ ಕಾಂಕ್ರೀಟ್ ಬಿತ್ತು, 2024ಕ್ಕೆ ನಾಲ್ಕಕ್ಕೆ ನಾಲ್ಕೂ ಓಡ್ತಿದ್ವು. ಕೊರಿಯಾದವರು ತಮ್ಮ ಊರಲ್ಲಿ ಕಟ್ತಾ ಇದ್ದ ಡಿಸೈನನ್ನೇ ತಂದು, ನಾಲ್ಕೂ ಒಂದೇ ಥರ ಕಟ್ಟಿದ್ರು. ನಮ್ಮಲ್ಲಿ ಮೊದಲ 700 ಮೆಗಾವ್ಯಾಟ್ ರಿಯಾಕ್ಟರ್, ಗುಜರಾತಿನ ಕಾಕ್ರಾಪಾರ್ 3ನೇದು, 2010ರಲ್ಲಿ ಶುರುವಾಗಿ 2023ರಲ್ಲಿ ಕಮರ್ಷಿಯಲ್ ಆಯ್ತು. 2017ರಲ್ಲಿ ಅದೇ ಡಿಸೈನಿನ ಇನ್ನೂ 10 ಘಟಕಕ್ಕೆ ಒಪ್ಪಿಗೆ ಸಿಕ್ತು, ಕೈಗಾ 5 ಮತ್ತು 6 ಅದ್ರಲ್ಲಿವೆ, ಸರಿಯಾದ ದಾರಿನೇ. ಆದ್ರೆ 2047ಕ್ಕೆ 1,00,000 ಮೆಗಾವ್ಯಾಟ್ ಅಂತಿದ್ದಾರೆ, ಈಗಿರೋದು 9,000ದ ಹತ್ತತ್ರ. ಈ ಡಿಸೈನ್ ಬಿಡದೆ, ಆ ವೆಲ್ಡರುಗಳನ್ನ ಸೈಟಿಂದ ಸೈಟಿಗೆ ಕೈ ಖಾಲಿ ಬಿಡದೆ ಕರ್ಕೊಂಡು ಹೋದ್ರೆ ಮಾತ್ರ ಆ ನಂಬರ್ ಬಗ್ಗೆ ಮಾತಾಡ್ಬಹುದು.

ಪ್ರಶ್ನೆ: ಸಣ್ಣ ರಿಯಾಕ್ಟರ್ ಎಸ್‌ಎಂಆರ್ ಬಂದ್ರೆ ಈ ಕಷ್ಟ ಇರಲ್ವಂತೆ?

ಬಂದ ಮೇಲೆ ಕೇಳಿ. ಅಮೆರಿಕದ ನ್ಯೂಸ್ಕೇಲ್ ಕಂಪನಿ ಇಡಾಹೋದಲ್ಲಿ ಕಟ್ಟಬೇಕಿದ್ದ ಪ್ರಾಜೆಕ್ಟು, ಒಂದು ಮೆಗಾವ್ಯಾಟ್-ಅವರ್‌ಗೆ (ಅಂದ್ರೆ 1,000 ಯುನಿಟ್ಟಿಗೆ) 58 ಡಾಲರ್ ಅಂದಿದ್ದ ರೇಟು 89ಕ್ಕೆ ಏರಿ, 2023ರ ನವೆಂಬರಲ್ಲಿ ರದ್ದಾಯ್ತು. ಅದರ ಹೆಸರು ಹೇಳಿ ಷೇರು ಮಾರೋರ ಮಾತು ಕೇಳಿ ದುಡ್ಡು ಹಾಕ್ಬೇಡಿ.

ಪ್ರಶ್ನೆ: ಕೇರಳದ ಮರಳಲ್ಲಿ ತೋರಿಯಂ ಇದೆ, ನೇರ ಉರಿಸಬಾರದಾ?

ಆಗಲ್ಲ, ಮೊದಲು ನ್ಯೂಟ್ರಾನ್ ಹೀರಿ ಯುರೇನಿಯಂ-233 ಆಗ್ಬೇಕು, ಆ ನ್ಯೂಟ್ರಾನ್ ಕೊಡೋಕೆ ಯುರೇನಿಯಂ ಇಲ್ಲಾ ಪ್ಲುಟೋನಿಯಂ ಥರದ ಬೇರೆ ಇಂಧನ ಬೇಕು.

ಪ್ರಶ್ನೆ: ನಮ್ಮೂರಲ್ಲಿ ಒಬ್ರ ಹತ್ರ ಅಣುಶಕ್ತಿ ಇರೋ ಹಳೇ ತಾಮ್ರದ ಚೊಂಬಿದೆ, ಅಕ್ಕಿ ಎಳೆಯುತ್ತೆ, ಸರ್ಕಾರದ ವಿಜ್ಞಾನಿಗಳು ಕೋಟಿ ಕೊಟ್ಟು ತಗೋತಾರಂತೆ.

ಇದು ನಾಲ್ಕನೇ ಪತ್ರ. ಈ ಅಕ್ಕಿ ಎಳೆಯೋ ಚೊಂಬು, ರೈಸ್ ಪುಲ್ಲರ್ ಅನ್ನೋದು ಅಪ್ಪಟ ಮೋಸ, ಅದ್ರಲ್ಲಿದೆ ಅಂತ ಮೋಸಗಾರರು ಹೇಳೋ ಇರಿಡಿಯಂ ಲೋಹ ಅಕ್ಕಿ ಎಳೆಯಲ್ಲ, ಅಂಥ ಚೊಂಬನ್ನ ಯಾವ ವಿಜ್ಞಾನಿನೂ ಕೊಳ್ಳಲ್ಲ. ಚೊಂಬು ತೋರಿಸೋ ಮೋಸಗಾರರು ಟೆಸ್ಟಿಂಗ್ ಫೀಸು, ರೇಡಿಯೇಷನ್ ಸೂಟಿನ ಬಾಡಿಗೆ ಅಂತ ಕೇಳ್ತಾರೆ, ಒಂದು ರೂಪಾಯಿನೂ ಕೊಡ್ಬೇಡಿ, ಈಗಾಗ್ಲೇ ಕೊಟ್ಟಿದ್ರೆ ಇವತ್ತೇ ಸ್ಟೇಷನ್‌ಗೆ ಹೋಗಿ ಕಂಪ್ಲೇಂಟ್ ಬರೆಸಿ.