ಗಾಯಕ್ಕೆ ‘ಸಾಕು’ ಅನ್ನುವವರು ಯಾರು?

ದಾವಣಗೆರೆಯ ಓದುಗರೊಬ್ಬರು ಹೀಗೆ ಬರೆದಿದ್ದಾರೆ: “ಕಳೆದ ಸಂಚಿಕೆಯ ಕ್ಯಾನ್ಸರ್ ಲೇಖನದಲ್ಲಿ ಜೀವಕೋಶಗಳು ಲಂಗುಲಗಾಮಿಲ್ಲದೆ ಒಂದು ಎರಡಾಗಿ, ಎರಡು ನಾಲ್ಕಾಗುತ್ತವೆ ಎಂದಿತ್ತು. ಈಳಿಗೆ ತಾಗಿ ಬೆರಳು ಕುಯ್ದುಕೊಂಡಾಗಲೂ ಕೋಶಗಳು ಹೀಗೆಯೇ ಹೆಚ್ಚಿ ಗಾಯ ಮಾಯುತ್ತದೆ. ಆದರೆ ಮಾಯ್ದ ಮೇಲೆ ಅಲ್ಲಿಗೇ ನಿಲ್ಲುತ್ತದಲ್ಲ, ಸಾಕು ಅನ್ನುವವರು ಯಾರು? ಇನ್ನೊಂದು ಮಾತು. ಕ್ಯಾನ್ಸರ್ ಬಂದವರಲ್ಲಿ ಕೋಶ ಎರಡಾಗುವುದನ್ನೇ ಔಷಧಿ ಕೊಟ್ಟು ನಿಲ್ಲಿಸಿಬಿಟ್ಟರೆ ಆಗಲ್ವಾ?”

ಮೊದಲ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳೋಣ. ಸಾಕು ಅನ್ನುವುದಿರಲಿ, ಶುರು ಮಾಡು ಅಂದವರು ಯಾರು? ನಮ್ಮ ಮೈಯ ಬಹುಪಾಲು ಕೋಶಗಳು ತಮ್ಮ ಪಾಡಿಗೆ ತಾವು ಕೆಲಸ ಮಾಡಿಕೊಂಡಿರುತ್ತವೆ, ಎರಡಾಗುವ ಗೋಜಿಗೇ ಹೋಗುವುದಿಲ್ಲ. ಕಂಡಕ್ಟರ್ ‘ರೈಟ್’ ಅನ್ನುವ ತನಕ ಬಸ್ಸು ಕದಲುವುದಿಲ್ಲ. ಕೋಶದ ಕತೆಯೂ ಅದೇ.

ಗಾಯದಲ್ಲಿ ಆ ‘ರೈಟ್’ ಬರುವುದು ರಕ್ತದಿಂದ. ಅಮೆರಿಕದ ರಸ್ಸೆಲ್ ರಾಸ್ ಮತ್ತು ಜೊತೆಗಾರರು 1974ರಲ್ಲಿ ಇದನ್ನು ತೋರಿಸಿದರು. ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ಸೀರಂ ಹಾಕಿದರೆ ಪ್ರಯೋಗಾಲಯದ ತಟ್ಟೆಯಲ್ಲಿದ್ದ ಕೋಶಗಳು ಹೆಚ್ಚಿದವು. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳನ್ನು ಮೊದಲೇ ತೆಗೆದ ಪ್ಲಾಸ್ಮಾ, ಅಂದರೆ ರಕ್ತದ ದ್ರವಭಾಗ, ಹಾಕಿದರೆ ಅಷ್ಟು ಹೆಚ್ಚಲಿಲ್ಲ. ಅಂದರೆ ರಕ್ತ ಹೆಪ್ಪುಗಟ್ಟುವಾಗ ಪ್ಲೇಟ್‌ಲೆಟ್‌ಗಳು ಏನನ್ನೋ ಚೆಲ್ಲುತ್ತವೆ, ಅದೇ ಅಪ್ಪಣೆ. ಇಂಥ ಪ್ರೋಟೀನುಗಳಿಗೆ ಬೆಳವಣಿಗೆಯ ಅಂಶಗಳು ಅನ್ನುತ್ತಾರೆ. ಗಾಯ ಮುಚ್ಚಿತು, ರಕ್ತ ಸುರಿಯುವುದು ನಿಂತಿತು, ಅಪ್ಪಣೆಯೂ ಬತ್ತಿತು.

ಸಾಕು ಅನ್ನಲು ಇನ್ನೊಬ್ಬರಿದ್ದಾರೆ: ಪಕ್ಕದ ಕೋಶಗಳು. ತಟ್ಟೆಯಲ್ಲಿ ಬೆಳೆಸಿದ ಆರೋಗ್ಯವಂತ ಕೋಶಗಳು ತಳವನ್ನೆಲ್ಲ ಒಂದೇ ಪದರವಾಗಿ ತುಂಬಿ, ಒಂದಕ್ಕೊಂದು ತಾಗಿದ ಮೇಲೆ ನಿಂತುಬಿಡುತ್ತವೆ. ಆ ಪದರದಲ್ಲಿ ಒಂದು ಗೀರು ಎಳೆಯಿರಿ. ಅಂಚಿನ ಕೋಶಗಳು ಸರಿದು ಬಂದು, ಹೆಚ್ಚಿ, ಗೀರು ತುಂಬಿ ಮತ್ತೆ ಸುಮ್ಮನಾಗುತ್ತವೆ. ಬೆರಳಿನಲ್ಲೂ ಹೆಚ್ಚುಕಮ್ಮಿ ಹೀಗೆಯೇ. ಕ್ಯಾನ್ಸರ್ ಕೋಶಗಳನ್ನು ಅದೇ ತಟ್ಟೆಯಲ್ಲಿಟ್ಟರೆ ಒಂದರ ಮೇಲೊಂದು ಹತ್ತಿ ರಾಶಿಯಾಗುತ್ತವೆ.

ಅಪ್ಪಣೆ ಸಿಕ್ಕ ಮೇಲೂ ಕೋಶ ದುಡುಕುವಂತಿಲ್ಲ. ತಟ್ಟೆಯಲ್ಲಿ ಬೆಳೆಯುವ ಮನುಷ್ಯನ ಕೋಶ ಎರಡಾಗಲು ಸುಮಾರು 24 ಗಂಟೆ ಬೇಕು. ಅದರಲ್ಲಿ ಕಣ್ಣಿಗೆ ಕಾಣುವ ವಿಭಜನೆ ಒಂದು ಗಂಟೆಯದು. ಶಾಲೆಯಲ್ಲಿ ಪ್ರೊಫೇಸ್, ಮೆಟಾಫೇಸ್ ಅಂತ ಚಿತ್ರ ಬರೆಸುವುದು ಆ ಒಂದು ಗಂಟೆಯನ್ನು ಮಾತ್ರ. ನನ್ನ ಕೇಳಿದರೆ ಸ್ವಾರಸ್ಯವೆಲ್ಲ ಉಳಿದ 23 ಗಂಟೆಗಳಲ್ಲಿದೆ. ಎರಡು ಕೋಶಕ್ಕೂ ಒಂದೊಂದು ಪ್ರತಿ ಬೇಕಲ್ಲ, ಕೋಶ ತನ್ನ ಡಿಎನ್‌ಎಯನ್ನು ನಕಲು ಮಾಡಿಕೊಳ್ಳುವುದು ಆಗಲೇ.

1970ರಲ್ಲಿ ಭಾರತ ಮೂಲದ ಪೋಟು ನರಸಿಂಹ ರಾವ್ ಮತ್ತು ರಾಬರ್ಟ್ ಜಾನ್ಸನ್ ಒಂದು ಜಾಣ ಪ್ರಯೋಗ ಮಾಡಿದರು. ಡಿಎನ್‌ಎ ನಕಲು ಮಾಡುತ್ತಿದ್ದ ಕೋಶವನ್ನು, ನಕಲು ಇನ್ನೂ ಶುರು ಮಾಡದ ಕೋಶದ ಜೊತೆ ಬೆಸೆದರು. ಸುಮ್ಮನಿದ್ದ ನ್ಯೂಕ್ಲಿಯಸ್ಸೂ ಹೊತ್ತಿಗೆ ಮುಂಚೆಯೇ ನಕಲು ಶುರು ಮಾಡಿತು. ಆದರೆ ನಕಲು ಮುಗಿಸಿಕೊಂಡಿದ್ದ ಕೋಶದ ಜೊತೆ ಬೆಸೆದಾಗ, ಆ ಮುಗಿಸಿದ ನ್ಯೂಕ್ಲಿಯಸ್ ಎರಡನೇ ಸಲ ನಕಲಿಗೆ ಕೈಹಾಕಲಿಲ್ಲ. ಕೋಶದ ರಸದಲ್ಲಿ ‘ಶುರು ಮಾಡು’ ಅನ್ನುವ ಏನೋ ಒಂದಿದೆ, ಆದರೂ ಒಂದು ಸುತ್ತಿಗೆ ಒಂದೇ ನಕಲು ಎಂಬ ಕಟ್ಟಳೆಯೂ ಇದೆ ಎಂದಾಯಿತು.

ಆ ‘ಏನೋ’ ಯಾವುದು ಎಂದು ಹುಡುಕಿದವರು ಮೂವರು. ಲೀಲ್ಯಾಂಡ್ ಹಾರ್ಟ್‌ವೆಲ್ ಮತ್ತು ಪಾಲ್ ನರ್ಸ್ ಬೇರೆ ಬೇರೆ ಜಾತಿಯ ಯೀಸ್ಟ್‌ಗಳಲ್ಲಿ ಈ ಕೆಲಸದ ಜೀನ್‌ಗಳನ್ನು ಹಿಡಿದರು. ಟಿಮ್ ಹಂಟ್ 1982ರಲ್ಲಿ ಅಮೆರಿಕದ ವುಡ್ಸ್ ಹೋಲ್ ಕಡಲತೀರದಲ್ಲಿ ಸೀ ಅರ್ಚಿನ್ ಎಂಬ ಮುಳ್ಳುಮೈಯ ಕಡಲಜೀವಿಯ ಮೊಟ್ಟೆಗಳನ್ನು ನೋಡುತ್ತಿದ್ದರು. ಉಳಿದ ಪ್ರೋಟೀನುಗಳು ಸುಮ್ನೆ ಹೆಚ್ಚುತ್ತಾ ಹೋದರೆ, ಒಂದು ಮಾತ್ರ ಹೆಚ್ಚಿ, ಮೊಟ್ಟೆ ಎರಡಾಗುವ ಹೊತ್ತಿಗೆ ಮಾಯವಾಗುತ್ತಿತ್ತು. ಮತ್ತೆ ಹೆಚ್ಚುತ್ತಿತ್ತು, ಮತ್ತೆ ಮಾಯ. ಅದಕ್ಕೆ ಸೈಕ್ಲಿನ್ ಎಂದು ಹೆಸರಿಟ್ಟರು. ಸೈಕ್ಲಿನ್ ಬಂದು ಕೂಡಿಕೊಂಡರೆ ಮಾತ್ರ ಸಿಡಿಕೆ ಎಂಬ ಕಿಣ್ವ ಕೆಲಸ ಮಾಡುತ್ತದೆ. ಸೈಕ್ಲಿನ್ ನಾಶವಾದರೆ ಕಿಣ್ವವೂ ಬಂದ್. ನರ್ಸ್ ಯೀಸ್ಟ್‌ನಲ್ಲಿ ಕಂಡಿದ್ದು ಇದೇ ಕಿಣ್ವವನ್ನು. 1987ರಲ್ಲಿ ಅವರ ತಂಡ ಈ ಜೀನ್ ಕೆಟ್ಟಿದ್ದ ಯೀಸ್ಟ್‌ಗೆ ಮನುಷ್ಯನ ಜೀನ್ ಹಾಕಿತು. ಯೀಸ್ಟ್ ಆರಾಮವಾಗಿ ಎರಡಾಯಿತು! ಮೂವರಿಗೂ 2001ರಲ್ಲಿ ನೊಬೆಲ್ ಬಂತು.

ದಾರಿಯುದ್ದಕ್ಕೂ ತಪಾಸಣೆ ಇದೆ. ಡಿಎನ್‌ಎ ಹೊತ್ತ 46 ವರ್ಣತಂತುಗಳಲ್ಲಿ ಒಂದೇ ಒಂದು, ಅವನ್ನು ಆಚೀಚೆ ಎಳೆಯುವ ಎಳೆಗೆ ಸರಿಯಾಗಿ ಸಿಕ್ಕಿಕೊಂಡಿಲ್ಲ ಅಂದರೂ ಕೋಶ ಕಾಯುತ್ತದೆ. ಡಿಎನ್‌ಎಗೆ ಪೆಟ್ಟಾಗಿದ್ದರೆ ಪಿ53 ಎಂಬ ಪ್ರೋಟೀನ್ ಕೆಲಸ ನಿಲ್ಲಿಸುತ್ತದೆ. ರಿಪೇರಿ ಆಗದಿದ್ದರೆ ಕೋಶವನ್ನೇ ಸಾಯಿಸುತ್ತದೆ. ಮನುಷ್ಯರ ಕ್ಯಾನ್ಸರ್‌ಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಕೆಟ್ಟಿರುವುದು ಈ ಪಿ53ರ ಜೀನೇ.

ಆದ್ದರಿಂದ ಕ್ಯಾನ್ಸರ್ ಎಂದರೆ ವೇಗ ಅಂದುಕೊಳ್ಳಬೇಡಿ. ಎಷ್ಟೋ ಗೆಡ್ಡೆಗಳಿಗಿಂತ ನಮ್ಮ ಕರುಳಿನ ಒಳಪದರ ಜಾಸ್ತಿ ಚುರುಕು. ಕೆಲವೇ ದಿನಗಳಲ್ಲಿ ಪೂರಾ ಹೊಸದಾಗುತ್ತದೆ. ಆದರೆ ಅದು ಹೇಳಿದ ಮಾತು ಕೇಳುತ್ತದೆ. ಕ್ಯಾನ್ಸರ್ ಕೋಶ ‘ರೈಟ್’ ಅನ್ನುವುದಕ್ಕೂ ಕಾಯುವುದಿಲ್ಲ, ‘ಸಾಕು’ ಅನ್ನುವುದನ್ನೂ ಕೇಳುವುದಿಲ್ಲ.

ನಿಮ್ಮ ಎರಡನೇ ಪ್ರಶ್ನೆಯ ತೊಡಕು ಇಲ್ಲೇ ಇದೆ. ಮೂಳೆಯೊಳಗಿನ ಮಜ್ಜೆ ಪ್ರತಿ ಸೆಕೆಂಡಿಗೆ 20 ಲಕ್ಷಕ್ಕೂ ಹೆಚ್ಚು ಕೆಂಪು ರಕ್ತಕಣ ತಯಾರಿಸುತ್ತದೆ. ಕೋಶ ಎರಡಾಗುವುದನ್ನೇ ಪೂರ್ತಿ ನಿಲ್ಲಿಸಿದರೆ ಮೊದಲು ಹೋಗುವುದು ರೋಗಿ. ಹಳೆಯ ಔಷಧಿಗಳ ತೊಂದರೆ ಇದೇ. ನಮ್ಮ ಅಂಗಳದ ನಿತ್ಯಪುಷ್ಪದಿಂದ ತೆಗೆಯುವ ವಿನ್‌ಬ್ಲಾಸ್ಟಿನ್, ವಿನ್‌ಕ್ರಿಸ್ಟಿನ್ ವರ್ಣತಂತುಗಳನ್ನು ಎಳೆಯುವ ಎಳೆಗಳನ್ನೇ ಕಟ್ಟಗೊಡುವುದಿಲ್ಲ. (ಹಾಗಂತ ಎಲೆ ಅರೆದು ಕುಡಿಯಬೇಡಿ, ಗಿಡ ವಿಷ.) ಇಂಥ ಔಷಧಿಗೆ ಗೆಡ್ಡೆಯ ಜೊತೆ ಕೂದಲಿನ ಬುಡ, ಮಜ್ಜೆ ಎಲ್ಲವೂ ಸಿಗುತ್ತವೆ. ಕೂದಲು ಉದುರುವುದು ಅದಕ್ಕೇ.

ಈಗಿನ ಕೆಲವು ಮಾತ್ರೆಗಳು ಗುರಿ ನೋಡಿ ಹೊಡೆಯುತ್ತವೆ. 2015ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ ಪಾಲ್ಬೊಸಿಕ್ಲಿಬ್ ಒಂದು ಬಗೆಯ ಸ್ತನ ಕ್ಯಾನ್ಸರ್‌ಗೆ ಕೊಡುವ ಔಷಧಿ. ಅದು ತಡೆಯುವುದು ಎರಡು ಸಿಡಿಕೆ ಕಿಣ್ವಗಳನ್ನು, ಅಂದರೆ ಯೀಸ್ಟ್‌ನಲ್ಲಿ ಸಿಕ್ಕ ಆ ಕಿಣ್ವದ ದಾಯಾದಿಗಳನ್ನು. ಇದರಲ್ಲೂ ಬಿಳಿ ರಕ್ತಕಣಗಳು ಕಮ್ಮಿಯಾಗುತ್ತವೆ. ಹಾಗಾಗಿ ಮೂರು ವಾರ ಮಾತ್ರೆ ಕೊಟ್ಟು, ಮಜ್ಜೆ ಸುಧಾರಿಸಿಕೊಳ್ಳಲಿ ಎಂದು ಒಂದು ವಾರ ಬಿಡುತ್ತಾರೆ.

— ಸಂ.