ವೋಟಿಗೆ ಏನು ಕೊಟ್ಟರು ಅಂತ ಕೇಳಬೇಡಿ

ಎಂಎ ಪ್ರಬಂಧಕ್ಕೆ ಕ್ಲೈಂಟಲಿಸಂ, ಅಂದರೆ ಕೆಲಸ ಮಾಡಿಕೊಟ್ಟು ವೋಟು ಕಟ್ಟಿಕೊಳ್ಳುವ ರಾಜಕಾರಣ, ತಗೊಂಡಿದ್ದೀರಿ. ಪ್ರಶ್ನಾವಳಿ ಬೇಕಾ, ಸುಮ್ನೆ ಕೂತು ಮಾತಾಡಿದರೆ ಸಾಕಾ ಅಂತ ಕೇಳಿದ್ದೀರಿ. ಸುಮ್ನೆ ಕೂರುವುದೇ ಕಷ್ಟದ ಕೆಲಸ ನೋಡಿ.

ನಾನೂ ಮುಧೋಳ ಕಡೆಯ ಕಬ್ಬಿನ ಊರೊಂದಕ್ಕೆ ಪ್ರಶ್ನಾವಳಿ ಹಿಡಿದೇ ಹೋಗಿದ್ದೆ. ‘ವೋಟಿಗೆ ಯಾರಾದರೂ ಏನಾದರೂ ಕೊಟ್ಟರಾ?’ ಮನೆ ಮನೆಯಲ್ಲೂ ಒಂದೇ ಉತ್ತರ, ಇಲ್ಲ. ನಿಕರಾಗುವಾ ದೇಶದ ಬಗ್ಗೆ 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲೂ ನೇರವಾಗಿ ಕೇಳಿದಾಗ ಹೌದು ಅಂದವರು ಶೇ 3 ಮಾತ್ರ. ಯಾರ ಉತ್ತರ ಅಂತ ಗೊತ್ತಾಗದ ಹಾಗೆ ಸುತ್ತಿ ಕೇಳಿದಾಗ ಅಂದಾಜು ಶೇ 24ಕ್ಕೆ ಏರಿತು. ನಾಚಿಕೆ, ಭಯ ಇದ್ದೇ ಇರುತ್ತದೆ. ಆದರೆ ನಮ್ಮೂರುಗಳಲ್ಲಿ ಅದಷ್ಟೇ ಅಲ್ಲ.

ಒಬ್ಬ ಅಜ್ಜನ ಕಬ್ಬು ಕಡಿಯಲು ಬಂದು ನಿಂತಿತ್ತು. ಕಬ್ಬು ಕಡಿಯುವ ಕೂಲಿಗಳ ಗ್ಯಾಂಗ್ ತಡವಾದಷ್ಟೂ ತೂಕ ಇಳಿಯುತ್ತದೆ. ಊರಿನ ಮುಖಂಡರೊಬ್ಬರು ಫೋನ್ ಹಚ್ಚಿದರು, ಎರಡೇ ದಿನಕ್ಕೆ ಗ್ಯಾಂಗ್ ಬಂತು.

‘ಹಂಗಾದ್ರ ವೋಟು ಅವರಿಗೇನ್ರಿ ಅಜ್ಜಾರ?’ ಅಂದೆ.

ಸಿಟ್ಟೇ ಬಂತು ಅವರಿಗೆ. ‘ವೋಟ್ ಮಾರೂ ಮಂದಿ ಅಲ್ಲೋ ತಮ್ಮಾ ನಾವು.’

ಚಾ ಕಪ್ಪು ತೊಳೆಯುತ್ತಿದ್ದ ಅಜ್ಜಿ ತಲೆ ಎತ್ತದೆ ಅಂದರು, ‘ನಾಳಿ ಅವ್ರ ಮಾರಿ ಹ್ಯಾಂಗ ನೋಡೂದು?’

ಇಬ್ಬರೂ ಹೇಳಿದ್ದು ನಿಜ. ಅವರ ಲೆಕ್ಕದಲ್ಲಿ ಅದು ಮಾರಾಟ ಅಲ್ಲ, ಹಂಗು. ಇಂಟರ್‌ಪ್ರಿಟಿವ್ ವಿಧಾನ, ಅಂದರೆ ಜನ ತಮ್ಮ ನಡೆಗೆ ತಾವೇ ಕೊಡುವ ಅರ್ಥ ಹುಡುಕುವ ದಾರಿ, ಹಿಡಿಯುವುದು ಇದನ್ನೇ. ಹಂಗು, ಋಣ, ವಶೀಲಿ, ‘ನಮ್ಮವರು’: ಯಾವ ಪದ ಯಾರ ಎದುರು ಬರುತ್ತದೆ, ಯಾರ ಎದುರು ಬರುವುದಿಲ್ಲ ಅಂತ ಅದೇ ರಾತ್ರಿ ಬರೆದಿಡಿ. ಸಮಾಜಶಾಸ್ತ್ರಜ್ಞ ಹವಿಯೇರ್ ಔಯೇರೊ 1990ರ ದಶಕದಲ್ಲಿ ಅರ್ಜೆಂಟೀನಾದ ಬ್ಯೂನಸ್ ಐರಿಸ್ ಹೊರವಲಯದ ಬಡ ಬಸ್ತಿಯಲ್ಲಿ ಕಂಡದ್ದೂ ಹೀಗೆಯೇ. ಕೆಲಸ ಮಾಡಿಸಿಕೊಡುವ ಪಕ್ಷದ ಮಧ್ಯವರ್ತಿಗೆ ಹತ್ತಿರ ಇದ್ದವರು ಸಹಾಯ, ಸ್ನೇಹ ಅನ್ನುತ್ತಿದ್ದರು. ದೂರ ಇದ್ದವರ ಮಾತು ಬೇರೆ ಇತ್ತು. ಅದಕ್ಕೇ ಕೆಲಸ ಆಗದೆ ವಾಪಸ್ ಬಂದವರನ್ನೂ ಹುಡುಕಿ ಮಾತಾಡಿಸಿ.

ನಾನು ಮಾಡಿದ ಇನ್ನೊಂದು ತಪ್ಪು ಕೇಳಿ. ಮೊದಲ ದಿನ ಪಂಚಾಯ್ತಿ ಸದಸ್ಯರೊಬ್ಬರ ಬೈಕಿನ ಹಿಂದೆ ಕೂತು ಊರೊಳಗೆ ಹೋದೆ. ಮುಗೀತು! ಎರಡು ವಾರ ನಾನು ‘ಅವರ ಕಡೆ ಹುಡುಗ’. ನೀವು ಬಸ್ಸಿಗೆ ಹೋಗಿ. ಆದರೂ ನಿಮ್ಮನ್ನು ನೋಡಿ ಯಾರು ಮಾತು ನಿಲ್ಲಿಸಿದರು ಅನ್ನುವುದನ್ನೂ ಡೈರಿಗೆ ಹಾಕಿ, ಅದೂ ಮಾಹಿತಿಯೇ ಅಲ್ವಾ.

ಎಷ್ಟು ಮಂದಿ ಅನ್ನುವುದಕ್ಕೆ ಈ ದಾರಿಯಲ್ಲಿ ಉತ್ತರ ಸಿಗದು. ಗೈಡ್ ಸಂಖ್ಯೆ ಬೇಕು ಅಂದರೆ ಪ್ರಶ್ನಾವಳಿ ಆಮೇಲೆ ಮಾಡಿ, ಊರವರ ಮಾತಿನಲ್ಲೇ. ನಾನು ಕೊನೆಗೆ ಕೇಳಿದ್ದು ಇಷ್ಟೇ: ‘ಗ್ಯಾಂಗ್ ಬರಲಿಲ್ಲ ಅಂದ್ರ ಮೊದಲ ಯಾರಿಗೆ ಫೋನ್ ಹಚ್ತೀರಿ?’ ಅದಕ್ಕೆ ಯಾರೂ ಸಿಟ್ಟಾಗಲಿಲ್ಲ.