ಪ್ರತಿಕ್ರಿಯೆ: ಬಾಣಂತಿಗೆ ನೀರು ಕೊಡಬಾರದಾ?

ಸಕಲೇಶಪುರದ ತವರಲ್ಲಿ ಬಾಣಂತನ, ಅಮ್ಮ ದಿನಕ್ಕೆ ಎರಡೇ ಲೋಟ ನೀರು ಕೊಡ್ತಾರೆ, ಕೇಳಿದರೆ "ನಮ್ಮಮ್ಮ ನನಗೂ ಹೀಗೇ ಮಾಡಿದ್ದು, ಜಾಸ್ತಿ ಕುಡಿದರೆ ಹೊಟ್ಟೆ ಬರುತ್ತೆ" ಅಂತಾರೆ ಅಂತ ಬರೆದಿದ್ದೀರಿ.

ನೀರು ಕುಡೀರಿ. ಇದರಲ್ಲಿ ರಾಜಿ ಬೇಡ. ಎದೆಹಾಲಲ್ಲಿ ಸುಮಾರು ಶೇ. 87 ನೀರೇ ಇರೋದು. ಹೊಟ್ಟೆ ಬರೋದು ನೀರಿನಿಂದಲ್ಲ, ಗರ್ಭಕೋಶ ಮೊದಲಿನಂತಾಗಲು ಆರು ವಾರ ಬೇಕು ಅಷ್ಟೇ. ನೀರು ಕಮ್ಮಿಯಾದರೆ ಮಲಬದ್ಧತೆ, ಉರಿಮೂತ್ರ ಶುರುವಾಗಬಹುದು. ಅದಕ್ಕಿಂತ ದೊಡ್ಡ ಭಯ ಬೇರೆ ಇದೆ. ಹೆರಿಗೆಯಾದ ವಾರಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಮೊದಲೇ ಜಾಸ್ತಿ, ಮೈ ಒಣಗಿದರೆ ಇನ್ನೂ ಹೆಚ್ಚು. ಮಿದುಳಿನ ರಕ್ತನಾಳದಲ್ಲೂ ಹಾಗಾಗಬಹುದು. ಬಿಡದ ತಲೆನೋವು, ಫಿಟ್ಸ್, ಕೈಕಾಲು ಸೋಲುವುದು ಕಂಡರೆ "ಶೀತ" ಅಂತ ಕಾಯಬೇಡಿ, ಆಸ್ಪತ್ರೆಗೆ ಹೊರಡಿ.

ಅಮ್ಮನ ಜೊತೆ ಸುಮ್ನೆ ಜಗಳ ಯಾಕೆ? ಚಿಕ್ಕಮಗಳೂರಲ್ಲಿ ನಮ್ಮಕ್ಕ ಜೀರಿಗೆ ಹಾಕಿ ಕುದಿಸಿದ ನೀರನ್ನ ಫ್ಲಾಸ್ಕಿಗೆ ತುಂಬಿಸಿ ತಲೆದಿಂಬಿನ ಪಕ್ಕ ಇಟ್ಟುಕೊಂಡಿದ್ದಳು. ಬಿಸಿ ಇದೆಯಲ್ಲ ಅಂತ ಅಮ್ಮ ಏನೂ ಅನ್ನಲಿಲ್ಲ. ಆಶಾ ಕಾರ್ಯಕರ್ತೆ 42 ದಿನದೊಳಗೆ ಹಲವು ಸಲ ಮನೆಗೆ ಬರ್ತಾರೆ, ಅಮ್ಮನ ಎದುರೇ ಅವರನ್ನ ಕೇಳಿ.

ಎಣ್ಣೆನೀರು, ಮೆಣಸಿನ ಸಾರು ಇರಲಿ, ಅದು ಸುಖ! ಆದರೆ ಬಾಗಿಲು ಮುಚ್ಚಿದ ಕೋಣೆಯಲ್ಲಿ ಕೆಂಡ ಇಡೋಕೆ ಮಾತ್ರ ಬಿಡಬೇಡಿ.